ಮಹಿಳಾ ಬ್ಯಾಸ್ಕೆಟ್‌ಬಾಲ್: ವೃತ್ತಿ, ಜನಪ್ರಿಯತೆ ಮತ್ತು ಕರ್ನಾಟಕ

ಐದೈದು ಆಟಗಾರ್ತಿಯರ ಎರಡು ತಂಡಗಳು 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಕಣದಲ್ಲಿ, ನೆಲದಿಂದ 3.05 ಮೀಟರ್ ಎತ್ತರದಲ್ಲಿರುವ ಬಳೆಯೊಳಗೆ ಚೆಂಡು ಹಾಕಿ ಅಂಕ ಗಳಿಸುವ ಆಟ ಮಹಿಳಾ ಬ್ಯಾಸ್ಕೆಟ್‌ಬಾಲ್. ಅಂಕಣದ ಅಳತೆ, ಬಳೆಯ ಎತ್ತರ, ಹತ್ತು ನಿಮಿಷಗಳ ನಾಲ್ಕು ಅವಧಿ, ಚೆಂಡು ಕೈಗೆ ಬಂದ 24 ಸೆಕೆಂಡಿನೊಳಗೆ ಬುಟ್ಟಿಯತ್ತ ಎಸೆಯಬೇಕೆಂಬ ನಿಯಮ, ಇವೆಲ್ಲ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಒಂದೇ. ಮುಖ್ಯ ವ್ಯತ್ಯಾಸವಿರುವುದು ಚೆಂಡಿನಲ್ಲಿ. ಪುರುಷರು ಏಳನೇ ಅಳತೆಯ ಚೆಂಡಿನಲ್ಲಿ ಆಡಿದರೆ ಮಹಿಳೆಯರು ಅದಕ್ಕಿಂತ ತುಸು ಸಣ್ಣದಾದ ಆರನೇ ಅಳತೆಯ ಚೆಂಡನ್ನು ಬಳಸುತ್ತಾರೆ. ಕಳೆದ ಮೂರು ದಶಕಗಳಲ್ಲಿ ಈ ಆಟ ಅಮೆರಿಕ, ಆಸ್ಟ್ರೇಲಿಯ, ಚೀನಾ, ಜಪಾನ್, ಕೊರಿಯಾಗಳಲ್ಲಿ ಹೆಣ್ಣುಮಕ್ಕಳ ಜೀವನೋಪಾಯವಾಗಿ ಬೆಳೆದಿದೆ. ಸಿನಿಮಾ, ಬೂಟು, ವಿಡಿಯೊ ಗೇಮ್, ಟೆಲಿವಿಷನ್‌ಗಳಲ್ಲೂ ತನ್ನ ಜಾಗ ಮಾಡಿಕೊಂಡಿದೆ. ಕರ್ನಾಟಕದಲ್ಲಿ ಒಳ್ಳೆಯ ಆಟಗಾರ್ತಿಯರೂ ಇದ್ದಾರೆ, ಏಷ್ಯಾ ಮಟ್ಟದ ಟೂರ್ನಿ ನಡೆಸಿದ ಕ್ರೀಡಾಂಗಣವೂ ಇದೆ. ಆದರೆ ಆಡುವುದರಿಂದಲೇ ಬದುಕುವ ವೃತ್ತಿ ಇಲ್ಲಿ ಇನ್ನೂ ರೂಪುಗೊಂಡಿಲ್ಲ.

ಆರಂಭದ ದಿನಗಳು

1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೇಸ್ಮಿತ್ ಈ ಆಟವನ್ನು ಕಂಡುಹಿಡಿದರು. ಮರುವರ್ಷವೇ ಹತ್ತಿರದ ಸ್ಮಿತ್ ಕಾಲೇಜಿನ ದೈಹಿಕ ಶಿಕ್ಷಕಿ ಸೆಂಡಾ ಬೆರೆನ್ಸನ್ ಅದನ್ನು ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. ಹೆಣ್ಣುಮಕ್ಕಳು ಓಡಾಡಿ ದಣಿಯಬಾರದು, ಒಬ್ಬರ ಕೈಯಿಂದ ಇನ್ನೊಬ್ಬರು ಚೆಂಡು ಕಸಿಯಬಾರದು ಎಂಬುದು ಆ ಕಾಲದ ಕಟ್ಟುಪಾಡು. ಅದಕ್ಕೆ ತಕ್ಕಂತೆ ಬೆರೆನ್ಸನ್ ಅಂಕಣವನ್ನು ಮೂರು ಭಾಗ ಮಾಡಿ, ಆಟಗಾರ್ತಿಯರು ತಂತಮ್ಮ ಭಾಗ ಬಿಟ್ಟು ಹೋಗದಂತೆ ನಿಯಮ ಬರೆದರು. 1896ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ವಿದ್ಯಾರ್ಥಿನಿಯರ ನಡುವೆ ಪಂದ್ಯ ನಡೆದಾಗ ಗಂಡಸರಿಗೆ ಒಳಗೆ ಪ್ರವೇಶವೇ ಇರಲಿಲ್ಲ. ಪ್ರೇಕ್ಷಕರ ಕಣ್ಣಿಗೆ ಬೀಳಬಾರದೆಂಬ ಷರತ್ತಿನ ಮೇಲೆ ಹುಟ್ಟಿದ ಆಟ ಇವತ್ತು ಪ್ರೇಕ್ಷಕರಿಂದಲೇ ಬದುಕುತ್ತಿದೆ.

ಅಮೆರಿಕದ ಅಯೋವಾ ರಾಜ್ಯದ ಕಥೆ ನಮ್ಮ ಓದುಗರಿಗೆ ವಿಶೇಷವಾಗಿ ಹತ್ತಿರವಾದದ್ದು. ಅದು ಮೆಕ್ಕೆಜೋಳ ಬೆಳೆಯುವ, ಸಣ್ಣ ಊರುಗಳ ರಾಜ್ಯ. 1925ರಲ್ಲಿ ಅಲ್ಲಿನ ದೊಡ್ಡ ಶಾಲೆಗಳು ಬಾಲಕಿಯರ ಪಂದ್ಯಾವಳಿಯನ್ನು ಕೈಬಿಡಲು ಹೊರಟಾಗ ಹಳ್ಳಿ ಶಾಲೆಗಳ ಮುಖ್ಯಸ್ಥರು ಬೇರೆಯಾಗಿ ಬಾಲಕಿಯರಿಗೆಂದೇ ಒಂದು ಕ್ರೀಡಾ ಒಕ್ಕೂಟ ಕಟ್ಟಿದರು. ತಂಡಕ್ಕೆ ಆರು ಮಂದಿ ಆಡುವ ಆ ಪಂದ್ಯಗಳಿಗೆ ಇಡೀ ಊರೇ ನೆರೆಯುತ್ತಿತ್ತು. ಆರು ಜನರ ಆಟ ಅಲ್ಲಿ 1993ರವರೆಗೂ ಉಳಿದಿತ್ತು. ಮಹಿಳಾ ಬ್ಯಾಸ್ಕೆಟ್‌ಬಾಲ್‌ಗೆ ದೊಡ್ಡ ಪ್ರೇಕ್ಷಕವರ್ಗವನ್ನು ತಂದ ಕೇಟ್ಲಿನ್ ಕ್ಲಾರ್ಕ್ ಅದೇ ಅಯೋವಾದ ಹುಡುಗಿ. ನೂರು ವರ್ಷ ಹೆಣ್ಣುಮಕ್ಕಳ ಆಟ ನೋಡಿ ರೂಢಿಯಾದ ನಾಡು ಆಕೆಯ ಬೆನ್ನಿಗಿತ್ತು.

ವೃತ್ತಿಯಾದ ಬಗೆ

ಅಮೆರಿಕದಲ್ಲಿ 1972ರಲ್ಲಿ ಬಂದ ಟೈಟಲ್ ನೈನ್ ಕಾನೂನು, ಕೇಂದ್ರದ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳು ಲಿಂಗದ ಆಧಾರದ ಮೇಲೆ ಭೇದ ಮಾಡಬಾರದೆಂದು ವಿಧಿಸಿತು. ಕ್ರೀಡೆಯೂ ಅದರ ವ್ಯಾಪ್ತಿಗೆ ಸೇರಿತು. ಆಗ ಅಲ್ಲಿನ ಪ್ರೌಢಶಾಲೆಗಳಲ್ಲಿ ಕ್ರೀಡಾ ತಂಡಗಳಲ್ಲಿದ್ದ ಬಾಲಕಿಯರು 3 ಲಕ್ಷಕ್ಕಿಂತ ಕಡಿಮೆ. ಇಂದು ಆ ಸಂಖ್ಯೆ 30 ಲಕ್ಷ ದಾಟಿದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್ ಸೇರಿತು. ಪುರುಷರ ಆಟ ಸೇರಿ ಆಗಲೇ 40 ವರ್ಷವಾಗಿತ್ತು. ಒಲಿಂಪಿಕ್ಸ್ ಇತಿಹಾಸದಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್‌ನ ಮೊದಲ ಅಂಕ ಗಳಿಸಿದವರು ಲೂಸಿಯಾ ಹ್ಯಾರಿಸ್. ಮಿಸಿಸಿಪ್ಪಿಯ ಕೃಷಿ ಕುಟುಂಬದಿಂದ ಬಂದ ಈ ಕಪ್ಪು ಜನಾಂಗದ ಆಟಗಾರ್ತಿಗೆ ಆಗ ಆಡಲು ಒಂದು ಸ್ಥಿರವಾದ ವೃತ್ತಿ ಲೀಗ್ ಇರಲಿಲ್ಲ. 1978ರಲ್ಲಿ ಆರಂಭವಾದ ಮೊದಲ ಮಹಿಳಾ ವೃತ್ತಿ ಲೀಗ್ ಮೂರು ಋತುಗಳಲ್ಲಿ ಹಣವಿಲ್ಲದೆ ಮುಚ್ಚಿತು.

ಇಂದು ಎಲ್ಲರೂ ಹೆಸರು ಬಲ್ಲ ಮಹಿಳಾ ವೃತ್ತಿ ಲೀಗ್ ಡಬ್ಲ್ಯುಎನ್‌ಬಿಎ 1996ರಲ್ಲಿ ಸ್ಥಾಪನೆಯಾಗಿ 1997ರ ಜೂನ್ 21ರಂದು ಎಂಟು ತಂಡಗಳೊಂದಿಗೆ ಆಟ ಶುರುಮಾಡಿತು. ಟೈಟಲ್ ನೈನ್‌ಗೂ ಇದಕ್ಕೂ ನಡುವೆ ಕಾಲು ಶತಮಾನದ ಅಂತರವಿದೆ. ಮೊದಲು ಶಾಲೆ, ಆಮೇಲೆ ಕಾಲೇಜು, ಕೊನೆಗೆ ಲೀಗ್: ಈ ಕ್ರಮವನ್ನು ಗಮನಿಸಬೇಕು. ಲೀಗ್ ಕಟ್ಟಿಬಿಟ್ಟರೆ ಆಟ ತಾನೇ ಬೆಳೆಯುತ್ತದೆ ಎಂದು ನಂಬುವವರು ನಮ್ಮಲ್ಲಿ ಬಹಳ. ಈ ಇತಿಹಾಸ ಅದಕ್ಕೆ ಪುರಾವೆ ಕೊಡುವುದಿಲ್ಲ.

ಲೀಗ್ ಬಂದ ಮೇಲೂ ಸಂಪಾದನೆ ಸುಲಭವಾಗಲಿಲ್ಲ. ಅಮೆರಿಕದ ಪ್ರಮುಖ ಆಟಗಾರ್ತಿಯರು ಚಳಿಗಾಲದಲ್ಲಿ ರಷ್ಯಾ, ಟರ್ಕಿ, ಚೀನಾಗಳಿಗೆ ಹೋಗಿ ಆಡುತ್ತಿದ್ದರು, ಏಕೆಂದರೆ ಅಲ್ಲಿ ಸಿಗುತ್ತಿದ್ದ ಹಣ ತವರಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹಾಗೆ ಹೋಗುತ್ತಿದ್ದ ಬ್ರಿಟ್ನಿ ಗ್ರೈನರ್ 2022ರ ಫೆಬ್ರುವರಿಯಲ್ಲಿ ರಷ್ಯಾದಲ್ಲಿ ಬಂಧನಕ್ಕೊಳಗಾಗಿ ಡಿಸೆಂಬರಿನಲ್ಲಿ ಕೈದಿಗಳ ವಿನಿಮಯದ ಮೂಲಕ ಬಿಡುಗಡೆಯಾದಾಗ, ಒಲಿಂಪಿಕ್ ಚಿನ್ನ ಗೆದ್ದವಳೂ ಹೊಟ್ಟೆಪಾಡಿಗೆ ಪರದೇಶಕ್ಕೆ ಹೋಗಬೇಕಾಗಿತ್ತೆಂಬುದು ಜಗತ್ತಿಗೆ ತಿಳಿಯಿತು. 2024ರಲ್ಲಿ ಮೊದಲ ಆಯ್ಕೆಯಾಗಿ ಇಂಡಿಯಾನಾ ಫೀವರ್ ತಂಡ ಸೇರಿದ ಕ್ಲಾರ್ಕ್‌ಗೆ ಲೀಗ್ ಕೊಟ್ಟ ಮೊದಲ ವರ್ಷದ ಸಂಬಳ 76,535 ಡಾಲರ್. ಅದೇ ವರ್ಷ ಪುರುಷರ ಲೀಗಿನಲ್ಲಿ ಮೊದಲ ಆಯ್ಕೆಯಾದವನಿಗೆ ಒಂದು ಕೋಟಿ ಡಾಲರಿಗೂ ಹೆಚ್ಚು. ಈ ಅಂತರವನ್ನು ಪ್ರಶ್ನಿಸಿ ಆಟಗಾರ್ತಿಯರೇ ಮುಂದೆ ಬಂದರು. ಬ್ರಿಯಾನ್ನಾ ಸ್ಟೀವರ್ಟ್ ಮತ್ತು ನಫೀಸಾ ಕಾಲಿಯರ್ ಸೇರಿ ಕಟ್ಟಿದ ‘ಅನ್‌ರೈವಲ್ಡ್’ ಎಂಬ, ತಂಡಕ್ಕೆ ಮೂವರು ಆಡುವ ಲೀಗ್ 2025ರ ಜನವರಿಯಲ್ಲಿ ಆರಂಭವಾಯಿತು.

ತೆರೆಯ ಮೇಲೆ, ಮಾರುಕಟ್ಟೆಯಲ್ಲಿ

ಮಹಿಳಾ ಬ್ಯಾಸ್ಕೆಟ್‌ಬಾಲ್ ಜನಪ್ರಿಯ ಸಂಸ್ಕೃತಿಗೆ ಒಂದೇ ದಿನ ಬಂದದ್ದಲ್ಲ. 1995ರಲ್ಲಿ ಶೆರಿಲ್ ಸ್ವೂಪ್ಸ್ ಹೆಸರಿನಲ್ಲಿ ನೈಕಿ ಬೂಟು ತಂದಿತು. ಆಟಗಾರ್ತಿಯೊಬ್ಬಳ ಹೆಸರಿನ ಬ್ಯಾಸ್ಕೆಟ್‌ಬಾಲ್ ಬೂಟು ಅದೇ ಮೊದಲು. 2000ದಲ್ಲಿ ಜಿನಾ ಪ್ರಿನ್ಸ್-ಬೈತ್‌ವುಡ್ ನಿರ್ದೇಶಿಸಿದ ‘ಲವ್ ಅಂಡ್ ಬ್ಯಾಸ್ಕೆಟ್‌ಬಾಲ್’ ಚಿತ್ರ ಬಂತು. ಆಟವನ್ನೂ ಪ್ರೀತಿಯನ್ನೂ ಸಮನಾಗಿ ಬಯಸುವ ಹುಡುಗಿ ಅದರ ನಾಯಕಿ. 2019ರಲ್ಲಿ ಬಿಡುಗಡೆಯಾದ ‘ಎನ್‌ಬಿಎ 2ಕೆ20’ ವಿಡಿಯೊ ಗೇಮ್‌ನಲ್ಲಿ ಡಬ್ಲ್ಯುಎನ್‌ಬಿಎ ತಂಡಗಳು ಸೇರಿದವು. ಲೂಸಿಯಾ ಹ್ಯಾರಿಸ್ ಕುರಿತ ‘ದಿ ಕ್ವೀನ್ ಆಫ್ ಬ್ಯಾಸ್ಕೆಟ್‌ಬಾಲ್’ 2022ರಲ್ಲಿ ಕಿರು ಸಾಕ್ಷ್ಯಚಿತ್ರ ವಿಭಾಗದಲ್ಲಿ ಆಸ್ಕರ್ ಪಡೆಯಿತು. ಆಕೆ ಅದೇ ವರ್ಷದ ಜನವರಿಯಲ್ಲಿ ತೀರಿಹೋಗಿದ್ದರು. ಪ್ರಶಸ್ತಿ ನೋಡಲು ಉಳಿದಿರಲಿಲ್ಲ.

ನಿಜವಾದ ತಿರುವು 2024ರ ಏಪ್ರಿಲ್. ಅಯೋವಾ ಮತ್ತು ಸೌತ್ ಕ್ಯಾರೊಲಿನಾ ನಡುವಿನ ಕಾಲೇಜು ಮಹಿಳಾ ಫೈನಲ್ ಅನ್ನು ಸರಾಸರಿ 1.8 ಕೋಟಿಗೂ ಹೆಚ್ಚು ಮಂದಿ ಟೆಲಿವಿಷನ್‌ನಲ್ಲಿ ನೋಡಿದರು. ಪುರುಷರ ಫೈನಲ್ ನೋಡಿದವರ ಸಂಖ್ಯೆ ಅದಕ್ಕಿಂತ ಕಡಿಮೆಯಾದದ್ದು ಇದೇ ಮೊದಲು. ಸೋತ ತಂಡದ ಕ್ಲಾರ್ಕ್ ಆ ವರ್ಷ ‘ಟೈಮ್’ ಪತ್ರಿಕೆಯ ವರ್ಷದ ಕ್ರೀಡಾಪಟು. ಆಟಗಾರ್ತಿಯರಾದ ಏಂಜಲ್ ರೀಸ್, ಏಜಾ ವಿಲ್ಸನ್ ಮನೆಮಾತಾದರು. ಸಬ್ರೀನಾ ಅಯೊನೆಸ್ಕು ಹೆಸರಿನ ಬೂಟನ್ನು ಪುರುಷರ ಲೀಗಿನ ಆಟಗಾರರೂ ತೊಟ್ಟು ಆಡತೊಡಗಿದರು. ಹೆಣ್ಣಿನ ಹೆಸರಿನ ಬೂಟು ಗಂಡಸರ ಕಾಲಿಗೆ ಬಂದದ್ದು ಸಣ್ಣ ಸಂಗತಿಯಲ್ಲ. 2025ರಲ್ಲಿ ಹೊಸದಾಗಿ ಸೇರಿದ ಗೋಲ್ಡನ್ ಸ್ಟೇಟ್ ವಾಲ್ಕೀರೀಸ್ ತಂಡ ತವರಿನಲ್ಲಿ ಆಡಿದ ಲೀಗ್ ಹಂತದ ಪ್ರತಿ ಪಂದ್ಯಕ್ಕೂ 18,064 ಆಸನಗಳ ಕ್ರೀಡಾಂಗಣ ತುಂಬಿತು.

ಭಾರತದ ಜನಪ್ರಿಯ ಸಂಸ್ಕೃತಿಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಹೆಣ್ಣು ಎಂದರೆ ಹೆಚ್ಚಿನವರಿಗೆ ನೆನಪಾಗುವುದು 1998ರ ಹಿಂದಿ ಚಿತ್ರ ‘ಕುಛ್ ಕುಛ್ ಹೋತಾ ಹೈ’. ಕಾಜೋಲ್ ನಟಿಸಿದ ಅಂಜಲಿ ಕಾಲೇಜಿನಲ್ಲಿ ಗಂಡು ಗೆಳೆಯನನ್ನು ಸಲೀಸಾಗಿ ಸೋಲಿಸುತ್ತಾಳೆ. ವರ್ಷಗಳ ಮೇಲೆ ಸೀರೆ ಉಟ್ಟು ಮತ್ತೆ ಆಡುವಾಗ ಸೋಲುತ್ತಾಳೆ. ಆಟ ಬಿಟ್ಟುಕೊಟ್ಟಾಗಲೇ ಆಕೆ ಪ್ರೀತಿಗೆ ಅರ್ಹಳಾಗುತ್ತಾಳೆ ಎಂಬಂತೆ ಕಥೆ ಹರಿಯುತ್ತದೆ. ಕೋಟ್ಯಂತರ ಜನ ನೋಡಿದ ಚಿತ್ರ ಆಟಗಾರ್ತಿಗೆ ಮಾಡಿದ ಅನ್ಯಾಯವಿದು. ಹೆಣ್ಣುಮಕ್ಕಳು ಗೆಲ್ಲುವುದನ್ನೇ ಕಥೆ ಮಾಡಿದ ‘ಚಕ್ ದೇ ಇಂಡಿಯಾ’, ‘ದಂಗಲ್’ ಆಮೇಲೆ ಬಂದವು. ಹಾಕಿಗೂ ಕುಸ್ತಿಗೂ ಸಿಕ್ಕ ಆ ಭಾಗ್ಯ ಬ್ಯಾಸ್ಕೆಟ್‌ಬಾಲ್‌ಗೆ ಇನ್ನೂ ಸಿಗಬೇಕಿದೆ.

ಭಾರತ ಮತ್ತು ರೈಲ್ವೆ

ಭಾರತಕ್ಕೆ ಈ ಆಟ ತಂದದ್ದೂ ವೈಎಂಸಿಎ. ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ಆರಂಭಿಸಿದ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಕಲಿತ ಮೇಷ್ಟ್ರುಗಳು ದಕ್ಷಿಣದ ಊರೂರಿಗೆ ಹೊಸ ಆಟಗಳನ್ನು ಒಯ್ದರು. ಭಾರತೀಯ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ 1950ರಲ್ಲಿ ಸ್ಥಾಪನೆಯಾಯಿತು.

ದೇಶದ ಮಹಿಳಾ ಆಟಗಾರ್ತಿಯರಿಗೆ ಲೀಗ್‌ಗಿಂತ ಹೆಚ್ಚಾಗಿ ಅನ್ನ ಕೊಟ್ಟದ್ದು ಕ್ರೀಡಾ ಕೋಟಾದ ನೌಕರಿ. ಭಾರತೀಯ ರೈಲ್ವೆ, ಕೇರಳ ವಿದ್ಯುತ್ ಮಂಡಳಿ ಅದರಲ್ಲಿ ಮುಂಚೂಣಿಯಲ್ಲಿವೆ. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಮಹಿಳಾ ವಿಭಾಗದಲ್ಲಿ ರೈಲ್ವೆ ಮತ್ತೆ ಮತ್ತೆ ಗೆಲ್ಲಲು ಕಾರಣ ಇದೇ: ರಾಜ್ಯಗಳು ಬೆಳೆಸಿದ ಹುಡುಗಿಯರು ಕೆಲಸ ಸಿಕ್ಕೊಡನೆ ರೈಲ್ವೆಯ ಅಂಗಿ ತೊಡುತ್ತಾರೆ. ಕೇರಳದ ಗೀತು ಅನ್ನಾ ಜೋಸ್ ದಕ್ಷಿಣ ರೈಲ್ವೆಯಿಂದ ಬಂದವರು. ಆಸ್ಟ್ರೇಲಿಯದ ರಿಂಗ್‌ವುಡ್ ಕ್ಲಬ್‌ಗೆ ಆಡಿ, 2011ರಲ್ಲಿ ಡಬ್ಲ್ಯುಎನ್‌ಬಿಎಯ ಮೂರು ತಂಡಗಳ ಆಯ್ಕೆ ಶಿಬಿರಕ್ಕೆ ಆಹ್ವಾನ ಪಡೆದರು. ಒಪ್ಪಂದ ಸಿಗಲಿಲ್ಲ, ಆದರೆ ಆ ಬಾಗಿಲವರೆಗೆ ಹೋದ ಮೊದಲ ಭಾರತೀಯ ಆಟಗಾರ್ತಿ ಅವರೇ. ವಾರಾಣಸಿಯ ಪ್ರಶಾಂತಿ ಸಿಂಗ್ 2019ರಲ್ಲಿ, ಚೆನ್ನೈನ ಅನಿತಾ ಪಾಲ್‌ದುರೈ 2021ರಲ್ಲಿ ಪದ್ಮಶ್ರೀ ಪಡೆದರು.

ನೌಕರಿಯ ಈ ಪದ್ಧತಿಯನ್ನು ಹಳೆಯದೆಂದು ತಳ್ಳಿಹಾಕುವುದು ತಪ್ಪು. ಜಪಾನಿನ ಮಹಿಳಾ ಲೀಗ್‌ನ ತಂಡಗಳೂ ಕಂಪನಿಗಳ ತಂಡಗಳೇ: ಎನಿಯೊಸ್, ಟೊಯೊಟಾ, ಫುಜಿತ್ಸು, ಡೆನ್ಸೊ. ಎತ್ತರದಲ್ಲಿ ಹಿಂದಿದ್ದ ಜಪಾನಿನ ಹೆಣ್ಣುಮಕ್ಕಳು ವೇಗ ಮತ್ತು ದೂರದ ಎಸೆತಗಳನ್ನೇ ನಂಬಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದರು. ಅಲ್ಲಿ ಕಂಪನಿ ಸಂಬಳದ ಜೊತೆಗೆ ವರ್ಷಕ್ಕೆ ತಿಂಗಳುಗಟ್ಟಲೆ ನಡೆಯುವ ಲೀಗ್ ಇದೆ, ಪೂರ್ಣಾವಧಿ ತರಬೇತುದಾರರಿದ್ದಾರೆ. ನಮ್ಮಲ್ಲಿ ಸಂಬಳವಿದೆ, ಪಂದ್ಯಗಳಿಲ್ಲ. ವರ್ಷಕ್ಕೆ ಬೆರಳೆಣಿಕೆಯ ಟೂರ್ನಿಗಳನ್ನಾಡಿ ಏಷ್ಯಾ ಮಟ್ಟದಲ್ಲಿ ನಿಲ್ಲುವುದು ಕಷ್ಟ.

ಕರ್ನಾಟಕದಲ್ಲಿ

ರಾಜ್ಯದ ಮಹಿಳಾ ಬ್ಯಾಸ್ಕೆಟ್‌ಬಾಲ್‌ಗೆ ಮೂರು ಆಸರೆಗಳಿವೆ. ಒಂದು ಬೆಂಗಳೂರಿನ ಕ್ಲಬ್‌ಗಳು. ರಾಜ್ಯ ಲೀಗಿನ ಸುದ್ದಿ ಓದುವವರಿಗೆ ಮೌಂಟ್ಸ್ ಕ್ಲಬ್, ಬೀಗಲ್ಸ್ ಹೆಸರುಗಳು ಪರಿಚಿತ. ಎರಡನೆಯದು ಮೈಸೂರು ಮತ್ತು ಬೆಂಗಳೂರಿನ ವಿದ್ಯಾನಗರದಲ್ಲಿರುವ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾನಿಲಯಗಳು. ಇವು ಇಲ್ಲದಿದ್ದರೆ ನಗರದ ಖಾಸಗಿ ಶಾಲೆಯ ಹೊರಗಿನ ಹುಡುಗಿಗೆ ಈ ಆಟದ ದಾರಿಯೇ ಇರುತ್ತಿರಲಿಲ್ಲ. ಊಟ, ವಸತಿ, ಓದು, ತರಬೇತಿ ಒಂದೆಡೆ ಸಿಗುವ ಈ ನಿಲಯಗಳಿಂದ ರಾಜ್ಯ ತಂಡಗಳಿಗೆ ಸತತವಾಗಿ ಆಟಗಾರ್ತಿಯರು ಬಂದಿದ್ದಾರೆ. ಮೂರನೆಯದು 2003ರಿಂದ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡ ನೈರುತ್ಯ ರೈಲ್ವೆ.

ಕರ್ನಾಟಕದಿಂದ ಪಿ.ಯು. ನವನೀತಾ, ಎಚ್.ಎಂ. ಬಾಂಧವ್ಯ ಮುಂತಾದವರು ಭಾರತ ತಂಡದಲ್ಲಿ ಆಡಿದ್ದಾರೆ. ಬೆಂಗಳೂರಿನ ಸಂಜನಾ ರಮೇಶ್ ಅಮೆರಿಕದ ನಾರ್ದರ್ನ್ ಆ್ಯರಿಜೋನಾ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನ ಪಡೆದು ಅಲ್ಲಿನ ಕಾಲೇಜು ಕ್ರೀಡೆಯ ಮೊದಲ ದರ್ಜೆಯಲ್ಲಿ ಆಡಿದರು. ಕ್ರೀಡಾ ಕೋಟಾದ ನೌಕರಿ ಬಿಟ್ಟರೆ ಬೇರೆ ಗುರಿ ಕಾಣದಿದ್ದ ಹುಡುಗಿಯರಿಗೆ ಇದು ಹೊಸದೊಂದು ದಾರಿ ತೋರಿಸಿತು.

ಕನ್ನಡ ನಾಡಿನಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್‌ನ ಅತಿ ದೊಡ್ಡ ಗಳಿಗೆ ಎಂದರೆ 2017ರ ಜುಲೈ. ಆ ತಿಂಗಳ 23ರಿಂದ 29ರವರೆಗೆ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಫಿಬಾದ ಮಹಿಳಾ ಏಷ್ಯಾ ಕಪ್ ನಡೆಯಿತು. ಆಸ್ಟ್ರೇಲಿಯ ಈ ಟೂರ್ನಿಯಲ್ಲಿ ಆಡಿದ್ದು ಅದೇ ಮೊದಲು. ಮೇಲಿನ ದರ್ಜೆಯ ಫೈನಲ್‌ನಲ್ಲಿ ಜಪಾನ್ 74–73ರಿಂದ ಆಸ್ಟ್ರೇಲಿಯವನ್ನು ಸೋಲಿಸಿತು. ಎರಡನೇ ದರ್ಜೆಯ ಫೈನಲ್‌ನಲ್ಲಿ ಭಾರತ 75–73ರಿಂದ ಕಜಕಸ್ತಾನವನ್ನು ಮಣಿಸಿ ಮೇಲಿನ ದರ್ಜೆಗೆ ಏರಿತು. ಒಂದು ಟೂರ್ನಿ, ಎರಡು ಫೈನಲ್, ಗೆಲುವಿನ ಅಂತರ ಒಂದು ಮತ್ತು ಎರಡು ಅಂಕ! ತವರಿನ ಕೂಗು ಅನಿತಾ, ಜೀನಾ, ಶಿರೀನ್ ಲಿಮಯೆ, ಗ್ರೀಮಾ ಮರ್ಲಿನ್ ಅವರಿದ್ದ ತಂಡದ ಬೆನ್ನಿಗಿತ್ತು. ಹೀಗಿದ್ದೂ ಆ ವಾರ ರಾಜ್ಯದ ಮನೆಮಾತಾದದ್ದು ಮಹಿಳಾ ಕ್ರಿಕೆಟ್. ಇಂಗ್ಲೆಂಡಿನಲ್ಲಿ ನಡೆದ ವಿಶ್ವಕಪ್ ಫೈನಲ್ ಕೂಡ ಜುಲೈ 23ರಂದೇ ಇತ್ತು. ಊರಿನಲ್ಲೇ ನಡೆದ ಗೆಲುವಿಗಿಂತ ದೂರದಲ್ಲಿ ನಡೆದ ಸೋಲು ಹೆಚ್ಚು ಮನೆಗಳಿಗೆ ತಲುಪಿತು.

2019ರ ಸೆಪ್ಟೆಂಬರಿನಲ್ಲಿ ಏಷ್ಯಾ ಕಪ್ ಮತ್ತೆ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣಕ್ಕೆ ಬಂತು. ಜಪಾನ್ ಚೀನಾವನ್ನು 71–68ರಿಂದ ಸೋಲಿಸಿ ಸತತ ನಾಲ್ಕನೇ ಬಾರಿ ಗೆದ್ದಿತು. ಎಂಟು ತಂಡಗಳ ಪೈಕಿ ಭಾರತ ಎಂಟನೆಯದಾಯಿತು. 2021ರಲ್ಲಿ ಜೋರ್ಡಾನಿನ ಅಮ್ಮಾನ್‌ನಲ್ಲೂ ಅದೇ ಸ್ಥಾನ; ತಂಡ ಕೆಳ ದರ್ಜೆಗೆ ಇಳಿಯಿತು. ನಡುವೆ ಇನ್ನೊಂದು ಅವಕಾಶವೂ ಕೈತಪ್ಪಿತು. ತಂಡಕ್ಕೆ ಮೂವರು ಆಡುವ 3x3 ಬ್ಯಾಸ್ಕೆಟ್‌ಬಾಲ್‌ನ ಒಲಿಂಪಿಕ್ ಅರ್ಹತಾ ಟೂರ್ನಿ 2020ರ ಮಾರ್ಚ್ 18ರಿಂದ ಬೆಂಗಳೂರಿನಲ್ಲಿ ನಡೆಯಬೇಕಿತ್ತು. ಕೋವಿಡ್‌ನಿಂದ ಮುಂದೂಡಿಕೆಯಾಗಿ ಮರುವರ್ಷ ಆಸ್ಟ್ರಿಯಾದ ಗ್ರಾಜ್‌ಗೆ ಹೋಯಿತು.

ಮಸ್ಕಿ, ಸಿಂಧನೂರು, ಲಿಂಗಸುಗೂರು

ಬೆಂಗಳೂರಿನಾಚೆ ಚಿತ್ರವೇ ಬೇರೆ. ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳು ಬೇರೆ ಕಾರಣಗಳಿಗೆ ಹೆಸರಾದವು. ಅಶೋಕನ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ಪತ್ತೆಯಾದದ್ದು ಮಸ್ಕಿಯಲ್ಲಿ. ಅದನ್ನು ಕಂಡವರು ಚಿನ್ನದ ಗಣಿಯ ಎಂಜಿನಿಯರ್ ಬೀಡನ್. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿಯಿದೆ. ಇಲ್ಲಿನ ಶಾಲೆಗಳ ಹೆಣ್ಣುಮಕ್ಕಳು ಆಡುವುದು ಕೊಕ್ಕೊ, ಕಬಡ್ಡಿ, ವಾಲಿಬಾಲ್, ಥ್ರೋಬಾಲ್. ಬ್ಯಾಸ್ಕೆಟ್‌ಬಾಲ್ ವಿರಳ.

ಕಾರಣ ಹುಡುಗಿಯರಲ್ಲಿಲ್ಲ, ನೆಲದಲ್ಲಿದೆ. ಕೊಕ್ಕೊಗೆ ಎರಡು ಕಂಬ, ಕಬಡ್ಡಿಗೆ ಸುಣ್ಣದ ಗೆರೆ, ಥ್ರೋಬಾಲ್‌ಗೆ ಒಂದು ಬಲೆ ಸಾಕು. ಬ್ಯಾಸ್ಕೆಟ್‌ಬಾಲ್‌ಗೆ ಚೆಂಡು ಪುಟಿಯುವ ಗಟ್ಟಿ ನೆಲ ಬೇಕು. ಎರೆಭೂಮಿಯ ಮೈದಾನ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಯಲ್ಲಿ ಕಾಲಿಗೆ ಅಂಟುತ್ತದೆ. ಅಲ್ಲಿ ಡ್ರಿಬ್ಲಿಂಗ್ ಕಲಿಯಲಾಗದು. ಹೋಬಳಿ, ತಾಲ್ಲೂಕು, ಜಿಲ್ಲೆ, ಕಲಬುರಗಿ ವಿಭಾಗ, ರಾಜ್ಯ ಎಂದು ಮೇಲೇರುವ ಶಾಲಾ ಕ್ರೀಡಾಕೂಟದ ಮೆಟ್ಟಿಲು ಇಲ್ಲಿನ ಮಕ್ಕಳಿಗೂ ಇದೆ. ಆದರೆ ಅಂಕಣವೇ ಇಲ್ಲದ ಊರಿನ ಹುಡುಗಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ಆ ಮೆಟ್ಟಿಲ ಬಳಿಗೇ ಬರಲಾರಳು. ಕೊಕ್ಕೊದ ತಿರುವು, ಕಬಡ್ಡಿಯ ಕಾಲ್ಚಳಕ, ಥ್ರೋಬಾಲ್‌ನ ಹಿಡಿತ ಮೂರೂ ಬ್ಯಾಸ್ಕೆಟ್‌ಬಾಲ್‌ಗೆ ನೇರವಾಗಿ ಒದಗುವ ಗುಣಗಳು ಎಂಬುದನ್ನು ಯಾವ ದೈಹಿಕ ಶಿಕ್ಷಕರೂ ಒಪ್ಪುತ್ತಾರೆ.

ಉಡುಪಿನ ಸಂಕೋಚವೂ ಇದೆ. ಚಡ್ಡಿ ತೊಟ್ಟು ಊರ ಮುಂದೆ ಓಡಲು ಹೆಣ್ಣುಮಕ್ಕಳೂ ಅವರ ಮನೆಯವರೂ ಹಿಂಜರಿಯುತ್ತಾರೆ. ಇದಕ್ಕೆ ಆಟದ ನಿಯಮವೇ ಈಗ ದಾರಿ ಬಿಟ್ಟಿದೆ. 2014ರ ಇಂಚಿಯಾನ್ ಏಷ್ಯಾಡ್‌ನಲ್ಲಿ ಹಿಜಾಬ್ ತೆಗೆಯಲು ಒಪ್ಪದ ಕತಾರ್ ಮಹಿಳಾ ತಂಡ ಪಂದ್ಯ ಬಿಟ್ಟು ಹೊರಟುಹೋಗಿತ್ತು. ಟೀಕೆ ಹೆಚ್ಚಾಗಿ 2017ರಲ್ಲಿ ಫಿಬಾ ತಲೆವಸ್ತ್ರಕ್ಕೆ ಅನುಮತಿ ಕೊಟ್ಟಿತು. ಚಡ್ಡಿಯ ಕೆಳಗೆ ಕಾಲು ಮುಚ್ಚುವ ಬಿಗಿಯುಡುಪನ್ನೂ ತಂಡವೆಲ್ಲ ಒಂದೇ ಬಣ್ಣದ್ದಾಗಿ ತೊಡಬಹುದು. ಈ ಮಾತನ್ನು ಪಿ.ಇ. ಮೇಷ್ಟ್ರು ಪೋಷಕರಿಗೆ ಹೇಳಿದರೆ ಅರ್ಧ ಅಡ್ಡಿ ಅಲ್ಲೇ ಕಳೆಯುತ್ತದೆ.

ಅಮೆರಿಕದ ಪಂದ್ಯದ ತುಣುಕು ಇಂದು ಸಿಂಧನೂರಿನ ಹುಡುಗಿಯ ಕೈಯಲ್ಲಿರುವ ಮೊಬೈಲಿಗೂ ಬರುತ್ತದೆ. ತೆರೆ ಬಂದಷ್ಟು ಬೇಗ ಬಳೆ ಬಂದಿಲ್ಲ. ಆದರೆ ಮೂರು ಜನರ 3x3 ಆಟಕ್ಕೆ ಒಂದೇ ಬಳೆ, ಅರ್ಧ ಅಂಕಣ ಸಾಕು. ಹತ್ತು ನಿಮಿಷದಲ್ಲಿ ಅಥವಾ ಮೊದಲು 21 ಅಂಕ ಗಳಿಸಿದಾಗ ಪಂದ್ಯ ಮುಗಿಯುತ್ತದೆ. ಟೋಕಿಯೊದಿಂದ ಅದೂ ಒಲಿಂಪಿಕ್ ಆಟ. 2013ರಲ್ಲಿ ದೋಹಾದಲ್ಲಿ ನಡೆದ ಏಷ್ಯಾ 3x3 ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಮಹಿಳೆಯರು ಚಿನ್ನ ಗೆದ್ದಿದ್ದಾರೆ. ಸರ್ಕಾರಿ ಶಾಲೆಯ ಅಂಗಳದ ಒಂದು ಮೂಲೆಗೆ ಕಾಂಕ್ರೀಟ್ ಹಾಕಿ ಒಂದು ಕಂಬ ನಿಲ್ಲಿಸುವುದು ಯಾವ ಪಂಚಾಯಿತಿಗೂ ಭಾರವಲ್ಲ.

ಆಟಗಾರ್ತಿಯರಿಗೆ ನೌಕರಿ ಕೊಡುವ ನೈರುತ್ಯ ರೈಲ್ವೆಯ ಹಳಿ 2024ರಲ್ಲಿ ಸಿಂಧನೂರನ್ನು ತಲುಪಿತು. ಈಗ ಅಲ್ಲಿಂದ ಹುಬ್ಬಳ್ಳಿಗೆ ರೈಲಿದೆ. ಮಸ್ಕಿ, ಸಿಂಧನೂರು, ಲಿಂಗಸುಗೂರಿನ ಬಾಲಕಿಯರ ಪ್ರೌಢಶಾಲೆಗಳಲ್ಲಿ ತಲಾ ಒಂದು ಅರ್ಧ ಅಂಕಣ, ಆರನೇ ಅಳತೆಯ ನಾಲ್ಕಾರು ಚೆಂಡು, ಆಟ ಬಲ್ಲ ಒಬ್ಬ ಶಿಕ್ಷಕಿ, ಇಷ್ಟನ್ನು ಜಿಲ್ಲಾ ಪಂಚಾಯಿತಿಯೂ ಕ್ರೀಡಾ ಇಲಾಖೆಯೂ ಹಟ್ಟಿ ಗಣಿ ಕಂಪನಿಯೂ ಸೇರಿ ಬರುವ ಶೈಕ್ಷಣಿಕ ವರ್ಷದೊಳಗೆ ಒದಗಿಸಬೇಕು.